ಸರದಿಯ ಹಲಗೆ

“ಎಣ್ಣೆ ಹಚ್ಕೊಂಡು ನೀರಿಗೆ ಇಳೀಬಾರ್ದು ಅಂತ ಎಲ್ಲಾದ್ರೂ ಬರ್ದಿದ್ರಾ? ತೋರ್ಸೇ! ಫೋಟೋ ಇದ್ರೆ ತೋರ್ಸು!” ಎಂದೆ ನಾನು.

“ಅದನ್ನೆಲ್ಲ ಬರೀಬೇಕಾ ಅಮ್ಮ? ಸ್ವಿಮ್ಮಿಂಗ್ ಪೂಲಲ್ಲಿ ಒಗ್ಗರಣೆ ಹಾಕ್ಬಾರ್ದು ಅಂತ ಯಾರಾದ್ರೂ ಬೋರ್ಡ್ ಹಾಕ್ತಾರಾ?”

“ತೊಳ್ಕೊಂಡು ಇಳಿ ಅಂತ ನೀನೇ ಅಂದೆ. ತೊಳ್ಕೊಂಡೇ ಇಳಿದೆ.”

“ತೊಳ್ಕೊಂಡು, ಆಮೇಲೆ ಎಣ್ಣೆ ಹಚ್ಕೊಂಡು, ಆಮೇಲೆ ಇಳಿದೆ! ಮಧ್ಯದ್ದು ಯಾಕೆ ಬಿಡ್ತೀಯ?”

“ಹಬ್ಬದ ದಿನ ಎಣ್ಣೆ ಇಲ್ದೆ ಸ್ನಾನ ಮಾಡೋಕೆ ನಾನೇನು ಸೂತಕದಲ್ಲಿದ್ನಾ?”

ನನ್ನ ಮಗಳು ತನ್ಮಯಿ ಮನೆಯೊಳಗೆ ಕಾಲಿಟ್ಟು ಐದು ನಿಮಿಷ ಆಗಿರಲಿಲ್ಲ. ಬರುತ್ತೇನೆಂದು ಮೊದಲೇ ಹೇಳಿಯೂ ಇರಲಿಲ್ಲ. ಭಾನುವಾರ ಮಧ್ಯಾಹ್ನ ಸಿಂಗಾಪುರದ ಪುಂಗೋಲಿನ ನಮ್ಮ ಮನೆಯ ಬಾಗಿಲು ತಟ್ಟಿದಳು, ಬೆನ್ನಿನ ಚೀಲವನ್ನು ಸೋಫಾದ ಮೇಲೆ ಎಸೆದಳು, ಫೋನನ್ನು ಟೀವಿ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದಳು, ಶುರು ಮಾಡಿದಳು. ಜಪಾನಿನಿಂದ ಬಂದವಳು ಒಂದು ಲೋಟ ನೀರನ್ನೂ ಕೇಳಲಿಲ್ಲ.

ನಾನು ಯಾರದೋ ಮನೆಯ ನಾಮಕರಣಕ್ಕೆ ಒಬ್ಬಟ್ಟು ಮಾಡಿಕೊಡಲು ಒಪ್ಪಿಕೊಂಡಿದ್ದೆ. ಕೈಯೆಲ್ಲ ಕಣಕ. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ನಿಂತು ಮಂಡಿ ಎರಡೂ ಸತ್ತು ಹೋಗಿದ್ದವು. ನನ್ನ ಸಿಟ್ಟು ನೆತ್ತಿಯಿಂದಲ್ಲ, ಮಂಡಿಯಿಂದ ಏಳುತ್ತದೆ ಎಂದು ನನ್ನ ಗಂಡ ಅಶ್ವತ್ಥನಾರಾಯಣ ಹೇಳುತ್ತಾರೆ. ಅವರು ಮೈಸೂರಿನ ಪೇಟೆಯವರು, ಮೆಲ್ಲಗೆ ಮಾತಾಡಿ ಗೊತ್ತು. ನಾನು ಮಳವಳ್ಳಿ ಕಡೆಯ ಹಳ್ಳಿಯವಳು, ಊರಿನ ಶಾಲೆಯಲ್ಲಿ ಹತ್ತರವರೆಗೆ ಓದಿದವಳು. ನಾಲೆಯ ಆಚೆ ದಡದಲ್ಲಿರುವವರಿಗೆ ಕೇಳಿಸುವಂತೆ ಮಾತಾಡಿ ಬೆಳೆದ ಗಂಟಲು ಇದು. ಸಿಂಗಾಪುರದ ಗೋಡೆಗಳಿಗೆ ಅದು ಇನ್ನೂ ಒಗ್ಗಿಲ್ಲ.

“ಪ್ರಭಾ, ಮೊದ್ಲು ಅವಳಿಗೆ ಊಟಕ್ಕೆ ಹಾಕು,” ಎಂದರು ಗಂಡ.

“ನಂಗೆ ಊಟ ಬೇಡ ಅಪ್ಪ. ಸಂಜೆ ಫ್ಲೈಟಿಗೆ ವಾಪಸ್ ಹೋಗ್ಬೇಕು. ಒಂದೇ ಒಂದು ಕೆಲಸಕ್ಕೆ ಬಂದಿದೀನಿ.”

ಅವಳು ಜಪಾನಿನ ಬೆಟ್ಟಗಳ ನಡುವಿನ ಒಂದು ಹಳ್ಳಿಯಲ್ಲಿ ಎರಡು ವರ್ಷದಿಂದ ಇದ್ದಾಳೆ. ಇಲ್ಲೇ ಹೋಟೆಲ್ ಕೆಲಸ ಓದಿ, ಇಲ್ಲೇ ಒಳ್ಳೆಯ ಹೋಟೆಲಿನಲ್ಲಿ ಕೆಲಸಕ್ಕಿದ್ದಳು. ಒಂದು ಚಳಿಗಾಲ ಸ್ಕೀ ಆಡಿಕೊಂಡು, ಅಲ್ಲೇ ಒಂದು ವಸತಿಗೃಹದಲ್ಲಿ ಕೆಲಸ ಮಾಡಿಕೊಂಡು ಬರುತ್ತೇನೆಂದು ಹೋದವಳು ಹಿಮ ಕರಗಿದ ಮೇಲೂ ಬರಲಿಲ್ಲ. ವಸತಿಗೃಹದ ಒಡತಿ ಹಾಸೆಗಾವಾ ಎಂಬಾಕೆಗೆ ಎಪ್ಪತ್ತು ದಾಟಿದೆ, ಮಕ್ಕಳಿಲ್ಲ. ತನ್ನ ಕಾಲಾನಂತರ ನೀನೇ ನಡೆಸು ಎಂದು ಇವಳಿಗೆ ಹೇಳಿದ್ದಾಳಂತೆ. ಈ ಜನವರಿಯಲ್ಲಿ “ಒಂದ್ಸಲ ಬಂದು ನೋಡಿ, ಆಮೇಲೆ ಬೈಯಿರಿ” ಎಂದು ನಮ್ಮನ್ನು ಕರೆಸಿಕೊಂಡಳು. ನಮ್ಮವರು ನೋಡಲು ಹೊರಟರು. ನಾನು ಅವಳನ್ನು ಎಳೆದುಕೊಂಡು ಬರಲು ಹೊರಟೆ.

ಹಿಮ ಎಂದರೆ ಚೆಂದ ಎನ್ನುವವರು ಅದರ ಮೇಲೆ ಚೀಲ ಹೊತ್ತು ನಡೆದಿರುವುದಿಲ್ಲ. ಹೋದ ಮರುದಿನವೇ ಸುಸ್ತಾಗಿದ್ದೆ. ನಮ್ಮವರು ಬಾಡಿಗೆಯ ಬೂಟು ಹಾಕಿಕೊಂಡು, ಎರಡು ಕೋಲು ಹಿಡಿದು, ಪುಟ್ಟ ಮಕ್ಕಳು ಕಲಿಯುವ ಇಳಿಜಾರಿನಲ್ಲಿ ಹತ್ತು ಹೆಜ್ಜೆಗೊಮ್ಮೆ ಕುಳಿತರು. ಬಿದ್ದರು ಎಂದರೆ ಅವರಿಗೆ ಬೇಜಾರು. ನಾನು ಟೀ ಅಂಗಡಿಯ ಕಿಟಕಿಯ ಬಳಿ ಕುಳಿತಿದ್ದೆ. ಅಷ್ಟು ಹೊತ್ತಿಗೆ ಬೆಟ್ಟದ ನೆತ್ತಿಯಿಂದ ಯಾವಳೋ ಒಬ್ಬಳು, ಬಿಳಿ ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ ಗೆರೆ ಎಳೆದ ಹಾಗೆ ಸಲೀಸಾಗಿ ಇಳಿದು ಬಂದಳು. ಯಾರ ಮಗಳೋ, ಎಷ್ಟು ಧೈರ್ಯ ಎಂದುಕೊಂಡೆ. ಅವಳು ಕಿಟಕಿಯ ಮುಂದೆಯೇ ನಿಂತು ಹಿಮದ ಕನ್ನಡಕ ಮೇಲೆತ್ತಿ, “ಅಮ್ಮ, ಟೀ ಕುಡಿದ್ಯಾ?” ಎಂದಳು.

ಹೊಗಳಬೇಕಿತ್ತು. “ಕಾಲು ಮುರ್ಕೊಂಡ್ರೆ ಯಾರು ನೋಡ್ಕೋತಾರೆ?” ಎಂದೆ.

ಅವತ್ತೇ ಸಂಜೆ ವಸತಿಗೃಹದ ಬಾಗಿಲಿಗೆ ನೇತುಹಾಕಿದ್ದ ಒಂದು ಮರದ ಹಲಗೆ ತೋರಿಸಿದಳು. ಅಂಗೈ ಅಗಲ, ಮೇಲೆ ಅವರ ಅಕ್ಷರ, ಎಷ್ಟೋ ಕೈಗಳು ಮುಟ್ಟಿ ಮುಟ್ಟಿ ಕಪ್ಪಾಗಿತ್ತು. ಆ ಹಳ್ಳಿಯಲ್ಲಿ ನೆಲದಿಂದ ಬಿಸಿನೀರು ಉಕ್ಕುತ್ತದೆ. ಕೇರಿಗೊಂದು ಸ್ನಾನದ ಮನೆ. ಟಿಕೆಟ್ಟಿಲ್ಲ, ಆಳಿಲ್ಲ. ಕೇರಿಯ ಮನೆಗಳೇ ಸರದಿಯ ಮೇಲೆ ತೊಟ್ಟಿ ತಿಕ್ಕಿ, ನೆಲ ತೊಳೆದು, ಕಾವಲು ನೋಡಿಕೊಳ್ಳಬೇಕು. ಯಾರ ಸರದಿಯೋ ಅವರ ಬಾಗಿಲಲ್ಲಿ ಈ ಹಲಗೆ. ಹೊರಗಿನವರು ಬಂದು ಸ್ನಾನ ಮಾಡಬಹುದು. ಆದರೆ ಹಲಗೆ ಕೊಡುವುದು ಊರಿನವರಿಗೆ ಮಾತ್ರ. ಹಾಸೆಗಾವಾ ಎಲ್ಲರನ್ನೂ ಕೇಳಿ, ಒಪ್ಪಿಸಿ, ಈ ಸಲದ ಸರದಿಯನ್ನು ತನ್ಮಯಿಯ ಹೆಸರಿಗೇ ಕೊಡಿಸಿದ್ದಳು.

“ಮದುವೆ ಆಗಿ ಬಂದ ಸೊಸೇಗೂ ಇಷ್ಟು ಬೇಗ ಕೊಡಲ್ವಂತೆ ಅಮ್ಮ. ನಂಗೆ ಕೊಟ್ರು.”

“ಊರಿನವರ ಬಚ್ಚಲು ತೊಳೆಯೋಕೆ ಇಷ್ಟು ಸಂಭ್ರಮವಾ?” ಎಂದೆ. ಅವಳು ನಕ್ಕಳು. ಆಗ ಇನ್ನೂ ನಗುತ್ತಿದ್ದಳು.

ನಾವಿದ್ದಾಗಲೇ ಸಂಕ್ರಾಂತಿ ಬಂತು. ಆ ಊರಿನ ಬೆಂಕಿ ಹಬ್ಬವೂ ಅದೇ ದಿನ. ಬೆಳಿಗ್ಗೆ ಅವಳು ಅತಿಥಿಗಳ ತಿಂಡಿಯ ಗಡಿಬಿಡಿಯಲ್ಲಿದ್ದಳು. “ಸ್ನಾನದ ಮನೆಗೆ ನೀನೇ ಹೋಗ್ತೀಯಾ? ಬಟ್ಟೆ ಎಲ್ಲ ಬಿಚ್ಬೇಕು, ಮೊದ್ಲು ಚೆನ್ನಾಗಿ ತೊಳ್ಕೊಂಡು ಆಮೇಲೆ ತೊಟ್ಟಿಗೆ ಇಳೀಬೇಕು, ಸರಿನಾ?” ಎಂದಳು. ಬಟ್ಟೆ ಬಿಚ್ಚುವುದೆಂದರೆ ನಮ್ಮವರಿಗೆ ಜೀವ ಹೋದ ಹಾಗೆ, ಅವರು ಗಂಡಸರ ಕಡೆಗೆ ಹೋಗಲೇ ಇಲ್ಲ. ನನಗೇನು ನಾಚಿಕೆ? ನಾಲೆಯಲ್ಲಿ ಮಿಂದವಳು ನಾನು. ಸಿಂಗಾಪುರದಿಂದ ತಂದಿದ್ದ ಎಳ್ಳೆಣ್ಣೆಯ ಸೀಸೆ, ಸೀಗೆಪುಡಿ ಹಿಡಿದುಕೊಂಡು ಹೋದೆ.

ಅವಳು ಹೇಳಿದಂತೆಯೇ ಸೋಪು ಹಾಕಿ ತೊಳೆದುಕೊಂಡೆ. ಮೈ ಶುದ್ಧವಾಯಿತು. ಶುದ್ಧವಾದ ಮೈಗೆ ಎಣ್ಣೆ ಹಚ್ಚಿದೆ. ಹಚ್ಚಿದ ಎಣ್ಣೆ ಇಳಿಯಲು ಬಿಸಿನೀರು ಬೇಕು, ಅದಕ್ಕೆ ತೊಟ್ಟಿಗೆ ಇಳಿದೆ. ಇದರಲ್ಲಿ ತಪ್ಪೆಲ್ಲಿದೆ ಎಂದು ಈಗಲೂ ನನ್ನ ಕೈಕಾಲಿಗೆ ಗೊತ್ತಾಗುವುದಿಲ್ಲ. ತಲೆಗೆ ಗೊತ್ತಾಗಿದೆ.

ತೊಟ್ಟಿಯಲ್ಲಿ ಒಬ್ಬಳು ಅಜ್ಜಿ ಇದ್ದಳು. ಫುಮಿ ಎಂದು ಹೆಸರು, ಎದುರು ಮನೆಯವಳು, ಅವತ್ತಿನ ಹಿಂದಿನ ದಿನ ಮೂಲಂಗಿ ತಂದುಕೊಟ್ಟಿದ್ದಳು. ನನ್ನ ಮೈ ಹೊಳೆಯುವುದನ್ನು ನೋಡಿ ಏನೋ ಅಂದಳು. ನಾನು ಮಂಡಿ ತೋರಿಸಿ, ಮುಖ ಕಿವುಚಿ, ಸೀಸೆ ತೋರಿಸಿದೆ. ಅವಳೂ ತನ್ನ ಮಂಡಿ ತೋರಿಸಿ ಅದೇ ಥರ ಮುಖ ಕಿವುಚಿದಳು. ಇಬ್ಬರೂ ನಕ್ಕೆವು. ತೊಟ್ಟಿಯ ಅಂಚಿನ ಮೇಲೆ ಕೂರಿಸಿ ಅವಳ ಎರಡೂ ಮಂಡಿಗೆ ಎಣ್ಣೆ ತಿಕ್ಕಿದೆ. ಅವಳು ಕಣ್ಣು ಮುಚ್ಚಿ, ಎಳೆ ಮಗುವಿನ ಹಾಗೆ ಕಾಲು ಬಿಟ್ಟುಕೊಂಡು ಕುಳಿತಳು. ಹೊರಗೆ ಹಿಮ ಬೀಳುತ್ತಿತ್ತು. ಎಷ್ಟೋ ವರ್ಷದಿಂದ ನನ್ನ ಮೈಯಲ್ಲಿ ಕೂತಿದ್ದ ದಣಿವು ಆ ನೀರಲ್ಲಿ ಒಂದು ಗಳಿಗೆ ನನ್ನನ್ನು ಬಿಟ್ಟು ನಿಂತಿತ್ತು. ಅವಳಿಗಿಂತ ಮೊದಲು ನಾನು ಎದ್ದು, ಸೀಗೆಪುಡಿ ಹಾಕಿ ತೊಳೆದುಕೊಂಡು ಬಂದುಬಿಟ್ಟೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಗುಟ್ಟು ಎಂದಲ್ಲ. ಕೇಳುವವರಿರಲಿಲ್ಲ.

ಸಂಜೆ ಬೆಂಕಿ ಹಬ್ಬ. ದೊಡ್ಡ ದೊಡ್ಡ ಮರದ ದಿಮ್ಮಿ ಜೋಡಿಸಿ ಮಹಡಿಮನೆಯಷ್ಟು ಎತ್ತರ ಅಟ್ಟಣೆ ಕಟ್ಟಿದ್ದರು. ಮೇಲೆ ಕೆಲವರು ಗಂಡಸರು, ಕೆಳಗೆ ಅದನ್ನು ಕಾಯಲು ಹುಡುಗರು. ಉಳಿದವರು ಉರಿಯುವ ಪಂಜು ಹಿಡಿದು ನುಗ್ಗುವುದು, ಇವರು ಪೈನ್ ಮರದ ಕೊಂಬೆಯಿಂದ ಬಡಿದು ಆರಿಸುವುದು. ಕಿಡಿ ಹಿಮದ ಜೊತೆ ಹಾರುತ್ತಿತ್ತು. ನನಗೆ ನಮ್ಮೂರಿನ ಕಿಚ್ಚು ನೆನಪಾಯಿತು. ಸಂಕ್ರಾಂತಿಯ ಸಂಜೆ ಹುಲ್ಲಿಗೆ ಬೆಂಕಿ ಹಚ್ಚಿ ದನ ಹಾಯಿಸುವುದು, ಹೆದರಿದ ಹೋರಿಯ ಹಗ್ಗ ಹಿಡಿದು ಅಪ್ಪ ಓಡುವುದು. “ನಮ್ಮದೇ ಹಬ್ಬ ಕಣೇ ಇದು! ದನ ಒಂದಿಲ್ಲ ಅಷ್ಟೇ!” ಎಂದು ತನ್ಮಯಿಯ ತೋಳು ಹಿಡಿದು ಕೂಗಿದೆ. ಅವಳು ನನ್ನ ಪಕ್ಕ ನಿಂತು ನಗುತ್ತಿದ್ದಳು. ಇಲ್ಲೇ ಇರಲಿ ಬಿಡು ಎಂದು ಆ ಬೆಂಕಿಯ ಮುಂದೆ ಮನಸ್ಸು ಮಾಡಿದ್ದೆ. ಬಾಯಿ ಬಿಟ್ಟು ಹೇಳಿರಲಿಲ್ಲ. ಮಾರನೆಯ ದಿನ ನಾವು ಹೊರಟು ಬಂದೆವು.

ಈಗ, ಒಂದು ತಿಂಗಳು ಕಳೆದ ಮೇಲೆ, ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದಾಳೆ:

“ತೊಟ್ಟಿ ತುಂಬ ಎಣ್ಣೆ ತೇಲ್ತಿತ್ತು. ಹಬ್ಬದ ದಿನ ಊರ ಹೆಂಗಸರೆಲ್ಲ ಬರೋ ಹೊತ್ತಿಗೆ ನೀರೆಲ್ಲ ಬಿಟ್ಟು, ತೊಟ್ಟಿ ಉಜ್ಜಬೇಕಾಯ್ತು. ಅದೂ ಹೋಗ್ಲಿ ಅಮ್ಮ. ಫುಮಿ ಅಜ್ಜಿ ಮೇಲೆ ಹತ್ತೋವಾಗ ಜಾರಿ ಬಿದ್ರು. ಮಣಿಕಟ್ಟು ಮುರೀತು.”

ನನ್ನ ಕೈಯಲ್ಲಿದ್ದ ಕಣಕದ ಉಂಡೆ ಹಾಗೇ ನಿಂತಿತು.

“ಯಾವಾಗ?”

“ಆವತ್ತೇ. ನೀನು ಸ್ನಾನ ಮುಗಿಸಿ ಬಂದ ಸ್ವಲ್ಪ ಹೊತ್ತಿಗೇ.”

“ಆವತ್ತು ಸಂಜೆ ನನ್ ಪಕ್ಕ ನಿಂತು ನಗ್ತಾ ಇದ್ಯಲ್ಲೇ!”

“ಮತ್ತೇನ್ ಮಾಡ್ಲಿ? ಹೇಳಿದ್ರೆ ನೀನು ಅಲ್ಲೇ, ಎಲ್ಲರ ಮುಂದೆ ಶುರು ಮಾಡ್ತಿದ್ದೆ.”

“ಏನು ಶುರು ಮಾಡ್ತಿದ್ದೆ? ಓಡಿ ಹೋಗಿ ಆ ಅಜ್ಜಿ ಕಾಲು ಹಿಡೀತಿದ್ದೆ!”

“ಕಾಲು ಹಿಡಿಯೋಕೆ ಮುಂಚೆ ಬೋರ್ಡ್ ಯಾಕೆ ಹಾಕಿಲ್ಲ ಅಂತ ಕೇಳ್ತಿದ್ದೆ. ಈಗ್ಲೂ ಅದನ್ನೇ ಅಲ್ವಾ ಕೇಳ್ತಿರೋದು?”

ನಮ್ಮವರು ಕೆಮ್ಮಿದರು. ಅದು ನಗುವನ್ನು ನುಂಗುವ ಕೆಮ್ಮು. ನನಗೆ ಇನ್ನೂ ಉರಿಯಿತು.

“ಆ ಅಜ್ಜಿ ನಂಗೆ ನಿನಗಿಂತ ಚೆನ್ನಾಗಿ ಗೊತ್ತು ಕಣೇ. ಅವಳ ಮಂಡಿಗೆ ನಾನೇ ಎಣ್ಣೆ ತಿಕ್ಕಿದೀನಿ.”

ತನ್ಮಯಿಯ ಮುಖ ಬಿಳುಚಿತು. “ಏನು? ಅಂದ್ರೆ... ಅವರ ಕಾಲಲ್ಲೇ ಎಣ್ಣೆ ಇತ್ತಾ? ಅಯ್ಯೋ ಅಮ್ಮ! ಅವರು ಅದನ್ನ ಯಾರಿಗೂ ಹೇಳೇ ಇಲ್ಲ. ವಯಸ್ಸಾಯ್ತು, ನಾನೇ ಜಾರಿದೆ ಅಂತ ಹೇಳ್ಕೊಂಡು ಕೂತಿದಾರೆ.”

ಆ ಮಾತು ಎದೆಗೆ ನೇರ ಬಂದು ಕೂತಿತು. ನಾನು ಕಣಕ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತೆ. ಅವಳೂ ಕುಳಿತು ಉಳಿದದ್ದನ್ನು ಹೇಳಿದಳು. ಈಗ ಜೋರಿರಲಿಲ್ಲ, ಸುಸ್ತಾದ ದನಿ. ಯಾರೂ ಅವಳನ್ನು ಬೈದಿಲ್ಲ. ಒಂದು ಮಾತೂ ಆಡಿಲ್ಲ. ಆದರೆ ಸರದಿ ಮುಗಿದು ಹಲಗೆ ಮುಂದಿನ ಮನೆಗೆ ಹೋಯಿತು, ಕೇರಿಯೆಲ್ಲ ಸುತ್ತಿತು, ವಸತಿಗೃಹದ ಬಾಗಿಲಿಗೆ ಬರಬೇಕಾದ ದಿನ ಬರಲಿಲ್ಲ. ಪಕ್ಕದ ಮನೆಯ ಬಾಗಿಲಲ್ಲಿ ನೇತಾಡುತ್ತಿತ್ತು. ತನ್ಮಯಿ ಬೆಳಿಗ್ಗೆ ಹಿಮ ಎತ್ತಲು ಹೊರಗೆ ಬಂದು ಅದನ್ನು ನೋಡಿದಳು.

“ಹಾಸೆಗಾವಾ ಅವರ ಮನೆ ಅಮ್ಮ ಅದು. ಅವರ ಅತ್ತೆ ಕಾಲದಿಂದ ಬರ್ತಿದ್ದ ಹಲಗೆ. ನನ್ನಿಂದ ಅವರ ಬಾಗಿಲು ದಾಟಿ ಹೋಯ್ತು. ಬರೋ ಭಾನುವಾರ ಕೇರಿಯವರ ಮೀಟಿಂಗ್ ಇದೆ. ತಪ್ಪು ಮಾಡಿದ ಮನೆಯವರು ಎಲ್ಲರ ಮುಂದೆ ತಪ್ಪಾಯ್ತು ಅನ್ಬೇಕು. ಅಂದ್ರೆ ಮುಗೀತು, ಮತ್ತೆ ಯಾರೂ ಆ ಮಾತು ಎತ್ತಲ್ಲ. ಅಲ್ಲಿನ ರೀತಿ ಹಾಗೆ. ನಾನು ಹೇಳಿ ಆಯ್ತು, ಬಗ್ಗಿ ಆಯ್ತು. ಆದ್ರೆ ಎಣ್ಣೆ ಹಾಕಿದ್ದು ನಾನಲ್ಲ ಅಂತ ಅವರಿಗೆ ಗೊತ್ತು. ನೀನು ಒಂದು ವಿಡಿಯೋದಲ್ಲಿ ಹೇಳು. ಕನ್ನಡದಲ್ಲೇ ಹೇಳು, ನಾನು ಅವರಿಗೆ ಹೇಳ್ತೀನಿ. ಅರ್ಧ ನಿಮಿಷ ಅಷ್ಟೇ. ಪ್ಲೀಸ್.”

“ಅದಕ್ಕೆ ಇಷ್ಟು ದೂರ ಬಂದ್ಯಾ? ಫೋನಲ್ಲಿ ಕೇಳಬಹುದಿತ್ತಲ್ಲ.”

“ಫೋನಲ್ಲಿ ನೀನು ಕಟ್ ಮಾಡ್ತೀಯ.”

ಮಾಡುತ್ತಿದ್ದೆ. ಅದೂ ನಿಜ.

ಕೈ ತೊಳೆದುಕೊಂಡು, ತಲೆ ಬಾಚಿಕೊಂಡು ಸೋಫಾದ ಮೇಲೆ ಕುಳಿತೆ. ನಮ್ಮವರು ತಮ್ಮ ಫೋನ್ ಹಿಡಿದು ಎದುರು ನಿಂತರು. “ಹೂಂ, ಮಾತಾಡು.”

“ನಮಸ್ಕಾರ ಫುಮಿಯಮ್ಮ. ನಾನು ತನ್ಮಯಿ ತಾಯಿ, ಪ್ರಭಾ. ನಿಮ್ ಕೈ ಮುರೀತು ಅಂತ ಇವತ್ತು ಗೊತ್ತಾಯ್ತು. ನನ್ನಿಂದ ತಪ್ಪಾಯ್ತು. ಆವತ್ತೇ ಯಾರಾದ್ರೂ ಹೇಳಿದ್ರೆ ಆವತ್ತೇ ನಿಮ್ ಮನೆ ಬಾಗ್ಲಿಗೆ ಬರ್ತಿದ್ದೆ. ಯಾರೂ ಹೇಳ್ಲಿಲ್ಲ. ನಾನೇ ಹೆತ್ತ ಮಗಳು ಹೇಳ್ಲಿಲ್ಲ, ಬೆಂಕಿ ಮುಂದೆ ಹಲ್ಲು ಕಿರ್ಕೊಂಡು ನಿಂತಿದ್ಲು. ಆಮೇಲೆ ಆ ಮರದ ನೆಲ, ಗಾಜಿನ ಹಾಗೆ ನುಣ್ಣಗಿದೆ ಅದು. ವಯಸ್ಸಾದವರು ಓಡಾಡೋ ಕಡೆ ಒಂದು ಹಿಡಿಕೆ ಬೇಡ್ವಾ? ನಮ್ ಪುಂಗೋಲಲ್ಲಿ ಮುದುಕ್ರಿರೋ ಮನೆ ಬಚ್ಚಲಿಗೆ ಹಿಡಿಕೆ ಹಾಕಿ...”

“ಅಮ್ಮ!”

“ಏನು? ನಿಜ ತಾನೇ?”

ತನ್ಮಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದಾಳೆ ಎಂದು ಅಂದುಕೊಂಡೆ. ಕೈ ತೆಗೆದಾಗ ಕಣ್ಣು ಒದ್ದೆಯಾಗಿತ್ತು.

“ತಪ್ಪಾಯ್ತು ಅನ್ನು, ತಲೆ ಬಗ್ಗಿಸು. ಇನ್ನೇನೂ ಬೇಡ. ಬೇರೆ ಒಂದು ಮಾತೂ ಬೇಡ.”

ಎರಡನೆಯ ಸಲ ಕುಳಿತೆ. ಬಾಯಿ ತೆರೆದೆ. ಕೈಯಳತೆಯಲ್ಲಿ ಕೂತು ಮಂಡಿ ತಿಕ್ಕಿಸಿಕೊಂಡವಳಿಗೆ, ನನಗೋಸ್ಕರ ಬಾಯಿ ಮುಚ್ಚಿಕೊಂಡು ಕೂತವಳಿಗೆ, ಗಂಡನ ಫೋನಿನ ಕಡೆ ತಿರುಗಿ ಕಲಿಸಿಕೊಟ್ಟ ಪಾಠ ಒಪ್ಪಿಸುವುದು ಹೇಗೆ? ಇನ್ಸ್‌ಪೆಕ್ಟರು ಬಂದ ದಿನ ಮೇಷ್ಟರು ಎಬ್ಬಿಸಿ ನಿಲ್ಲಿಸಿದ ಹುಡುಗಿಯ ಹಾಗೆ ಆಯಿತು ನನ್ನ ಪಾಡು.

“ಇದೆಲ್ಲ ಬೇಡ,” ಎಂದು ಎದ್ದೆ. “ನಾನೇ ಬರ್ತೀನಿ. ರೀ, ಟಿಕೆಟ್ ನೋಡಿ. ಅವಳ ಮನೆಗೇ ಹೋಗಿ, ಅವಳ ಕೈ ಹಿಡ್ಕೊಂಡು ಹೇಳ್ತೀನಿ. ಮೀಟಿಂಗಿಗೂ ಬಂದು ಎಲ್ಲರ ಮುಂದೆ ಬಗ್ತೀನಿ. ಎಷ್ಟು ಬಗ್ಬೇಕೋ ಅಷ್ಟು.”

ನಿಜವಾಗಿ ಹೇಳಿದೆ. ನನ್ನ ಜೀವಮಾನದಲ್ಲಿ ಯಾರಿಗೂ ಅಷ್ಟು ಹೇಳಿದವಳಲ್ಲ.

ತನ್ಮಯಿ ನೆಲ ನೋಡಿದಳು. “ಬೇಡ ಅಮ್ಮ.”

“ಏನು ಬೇಡ?”

“ನೀನು ಬರೋದು.”

ನಮ್ಮವರು ಫೋನ್ ಕೆಳಗಿಳಿಸಿದರು. “ಬರ್ತೀನಿ ಅಂತಿದಾಳಲ್ಲ ಪುಟ್ಟಿ. ಅದಕ್ಕಿಂತ ಇನ್ನೇನು ಬೇಕು?”

“ಬೇಡ ಅಪ್ಪ. ನಂಗಾಗಲ್ಲ. ಅಮ್ಮ ಒಳ್ಳೆ ಮನಸ್ಸಿಂದಾನೇ ಬರ್ತಾಳೆ. ಅಲ್ಲಿ ಯಾರೋ ಏನೋ ಅಂತಾರೆ, ಇವಳಿಗೆ ಅರ್ಥ ಆಗಲ್ಲ, ದನಿ ಏರುತ್ತೆ. ಒಂದು ಸಲ ಏರಿದ್ರೆ ಸಾಕು, ನಾನು ಎರಡು ವರ್ಷ ಕಟ್ಟಿದ್ದು ಹೋಯ್ತು.” ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ಅಪ್ಪನ ದನಿಯಲ್ಲಿ ಹೇಳಿದಳು: “ಅಲ್ಲಿ ಯಾರೂ ಕಿರುಚಲ್ಲ ಅಮ್ಮ. ಅದಕ್ಕೇ ನಾನು ಅಲ್ಲಿರೋದು.”

ಒಲೆಯ ಮೇಲೆ ಹೂರಣ ತಳ ಹಿಡಿಯುವ ವಾಸನೆ ಬರುತ್ತಿತ್ತು. ಯಾರೂ ಅತ್ತ ಹೋಗಲಿಲ್ಲ.

ಅವಳು ಸ್ಕೀ ಆಟಕ್ಕೆ ಹೋದಳು, ಹಿಮಕ್ಕೆ ಹೋದಳು, ಆ ಮುದುಕಿಯ ವಸತಿಗೃಹಕ್ಕೆ ಹೋದಳು ಎಂದು ಎರಡು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಅವಳು ಹೋದದ್ದು ನನ್ನ ಗಂಟಲಿನಿಂದ ದೂರಕ್ಕೆ.

ಆಗಲಾದರೂ ಸುಮ್ಮನಿರಬಹುದಿತ್ತು. ಮಂಡಿ ನೋಯುತ್ತಿತ್ತು.

“ಹೋಗು,” ಎಂದೆ. ದನಿ ಏರಿತು, ಅವಳು ಹೇಳಿದ ಹಾಗೆಯೇ. “ಹೋಗಿ ಅವರ ಬಚ್ಚಲು ತೊಳ್ಕೊಂಡು ಬಿದ್ದಿರು! ಹೆತ್ತವಳು ಬಂದ್ರೆ ಮಾನ ಹೋಗುತ್ತೆ ಅನ್ನೋಳು ಈ ಮನೆಗೆ ಯಾಕೆ ಬಂದೆ? ಅಮ್ಮ ಸತ್ತಳು ಅಂತ ಹೇಳು ನಿನ್ ಮೀಟಿಂಗಲ್ಲಿ! ಸತ್ತವಳನ್ನ ಯಾರೂ ತಪ್ಪು ಒಪ್ಕೋ ಅನ್ನಲ್ಲ, ನಿಂಗೂ ಹಗುರ ಆಗುತ್ತೆ!”

“ಪ್ರಭಾ!” ಎಂದರು ನಮ್ಮವರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಕೂಗಿದ್ದು ಅದೇ ಮೊದಲು.

ತನ್ಮಯಿ ಅಳಲಿಲ್ಲ. ಪ್ಲಗ್ಗಿನಲ್ಲಿದ್ದ ಫೋನ್ ಕಿತ್ತುಕೊಂಡಳು. ಚೀಲ ಹೆಗಲಿಗೇರಿಸಿದಳು. ಬಾಗಿಲ ಬಳಿ ಕುಳಿತು ಶೂಗೆ ದಾರ ಕಟ್ಟಿದಳು, ಒಂದು ಕಾಲಿಗೆ, ಆಮೇಲೆ ಇನ್ನೊಂದು ಕಾಲಿಗೆ, ಏನೂ ಅವಸರವಿಲ್ಲದವಳ ಹಾಗೆ. ನಾನು ಒಂದು ಮಾತು ಹೇಳಬೇಕಿತ್ತು. ಗೋಡೆಯ ಕಪಾಟು ತೆಗೆದು ಚಟ್ನಿಪುಡಿಯ ಪೊಟ್ಟಣ ಹುಡುಕತೊಡಗಿದೆ. ಅವಳಿಗೆ ಕಳಿಸಲೆಂದೇ ಮಾಡಿಟ್ಟಿದ್ದೆ, ಒಣಕೊಬ್ಬರಿ ಜಾಸ್ತಿ ಹಾಕಿ.

“ಹೋಗ್ತೀನಿ ಅಪ್ಪ,” ಎಂದಳು.

“ಬರ್ತೀನಿ ಅನ್ನು ಪುಟ್ಟಿ,” ಎಂದರು ಅವರು.

ಅವಳು ಕಬ್ಬಿಣದ ಗೇಟು ಎಳೆದುಕೊಂಡು ಹೋದಳು. ಹಾಕಿದ ಸದ್ದು ಕೂಡ ಆಗಲಿಲ್ಲ, ಅಷ್ಟು ಮೆಲ್ಲಗೆ.

ಪೊಟ್ಟಣ ಸಿಕ್ಕಿತು. ನಮ್ಮವರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಬರಿಗಾಲಲ್ಲೇ ಲಿಫ್ಟಿನ ಕಡೆ ಓಡಿದರು. ಸ್ವಲ್ಪ ಹೊತ್ತಿಗೆ ಪೊಟ್ಟಣದ ಸಮೇತ ಹಿಂದಿರುಗಿದರು. ಲಿಫ್ಟ್ ಇಳಿದುಹೋಗಿತ್ತು. ಕೆಳಗೆ ಕಟ್ಟಡದಡಿಯ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ಯಾರದೋ ಮದುವೆಗೆ ಶಾಮಿಯಾನ ಹಾಕುತ್ತಿದ್ದರಂತೆ, ಆ ಗಲಾಟೆಯಲ್ಲಿ ಎಲ್ಲಿಯೂ ಕಾಣಲಿಲ್ಲವಂತೆ.

“ಚಾರ್ಜರ್ ಬಿಟ್ಟು ಹೋಗಿದಾಳೆ,” ಎಂದೆ. ಟೀವಿ ಪಕ್ಕದ ಪ್ಲಗ್ಗಿನಿಂದ ಬಿಳಿ ವೈರು ನೇತಾಡುತ್ತಿತ್ತು. “ನೆನಪಾದ ಕೂಡ್ಲೇ ಬರ್ತಾಳೆ. ಗೇಟಿಗೆ ಬೀಗ ಹಾಕ್ಬೇಡಿ.”

ಒಬ್ಬಟ್ಟಿನವರು ಬಂದು ಆಗಿಲ್ಲವೇ ಎಂದು ಕೇಳಿದರು. ಹೂರಣ ಸೀದುಹೋಯಿತು, ಇವತ್ತು ಆಗುವುದಿಲ್ಲ ಎಂದೆ. ಅವರು ಮುಖ ಊದಿಸಿಕೊಂಡು ಹೋದರು. ನನಗೆ ಜಗಳವಾಡುವ ಶಕ್ತಿ ಇರಲಿಲ್ಲ. ಸೋಫಾದ ಮೇಲೆ ಅವಳ ಚೀಲ ಕೂತಿದ್ದ ಕಡೆ ಕುಳಿತು, ಗೇಟಿನ ಕಡೆ ನೋಡುತ್ತಿದ್ದೆ. ಲಿಫ್ಟ್ ಎಷ್ಟೋ ಸಲ ಬಂದು ನಿಂತಿತು. ಪ್ರತಿ ಸಲವೂ ಬೇರೆ ಮನೆಯವರು. ಅವಳ ವಿಮಾನದ ಹೊತ್ತು ದಾಟಿತು. ನಮ್ಮವರು ಎದ್ದು ಹೋಗಿ ಗೇಟಿಗೆ ಬೀಗ ಹಾಕಿದರು. ನಾನು ಬೇಡ ಎನ್ನಲಿಲ್ಲ.

ಅವಳು ಬರಲಿಲ್ಲ. ಅದಾದ ಮೇಲೂ ಬಂದಿಲ್ಲ.